ಬಾಗಿಲಿಗೂ ಮುನ್ನ ಕಿಟಕಿ: ಸಾಂಕ್ರಾಮಿಕದ ನಡುವೆ ಶಾಲೆ ತೆರೆಯುವ ಬಗೆ

ಬೆಂಗಳೂರು: 2025ರ ಮೇ ತಿಂಗಳ ಕೊನೆಯಲ್ಲಿ, ಬೇಸಿಗೆ ರಜೆ ಮುಗಿಸಿ ರಾಜ್ಯದ ಶಾಲೆಗಳು ಪುನರಾರಂಭಗೊಳ್ಳುತ್ತಿದ್ದ ಹೊತ್ತಿಗೆ, ಕೋವಿಡ್ ಪ್ರಕರಣಗಳು ಮತ್ತೆ ಅಲ್ಪ ಪ್ರಮಾಣದಲ್ಲಿ ಏರತೊಡಗಿದ್ದವು. ರಾಜ್ಯ ಸರ್ಕಾರ ಶಾಲೆಗಳಿಗೆ ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿಯಂತಹ ಲಕ್ಷಣಗಳಿರುವ ಮಕ್ಕಳನ್ನು ಪೋಷಕರು ಶಾಲೆಗೆ ಕಳುಹಿಸಬಾರದು, ಅಂಥ ಮಕ್ಕಳು ಬಂದರೆ ಪೋಷಕರಿಗೆ ತಿಳಿಸಿ ಮನೆಗೆ ಕಳುಹಿಸಬೇಕು ಎಂಬುದು ಅದರ ತಿರುಳು. ಶಾಲೆ ಮುಚ್ಚುವ ಮಾತು ಅದರಲ್ಲಿ ಇರಲಿಲ್ಲ. ಸುತ್ತೋಲೆ ಹೆಚ್ಚಿನ ಚರ್ಚೆಗೂ ಕಾರಣವಾಗಲಿಲ್ಲ.

ಐದು ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಅದೇ ತಿಂಗಳು ರಾಜ್ಯದ ಶಾಲೆಗಳಿಗೆ ಬೀಗ ಬಿತ್ತು. ಕೆಲವು ವಾರಗಳ ಮಟ್ಟಿಗೆ ಎಂದು ಹಾಕಿದ ಆ ಬೀಗ ಒಂದರಿಂದ ಐದನೇ ತರಗತಿಯ ಮಕ್ಕಳ ಪಾಲಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ದಾಖಲಾದ ಮಗು ತನ್ನ ಸರ್ಕಾರಿ ಶಾಲೆಯ ಕೋಣೆಯಲ್ಲಿ ಮೊದಲ ಬಾರಿಗೆ ಕುಳಿತದ್ದು ಎರಡನೇ ತರಗತಿಯ ಅರ್ಧ ವರ್ಷ ಕಳೆಯುತ್ತಿದ್ದಾಗ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೊದ ಲೆಕ್ಕದಲ್ಲಿ, ಪೂರ್ಣವಾಗಿಯೋ ಭಾಗಶಃವಾಗಿಯೋ ಅತಿ ದೀರ್ಘ ಕಾಲ ಶಾಲೆಗಳನ್ನು ಮುಚ್ಚಿದ ರಾಷ್ಟ್ರಗಳಲ್ಲಿ 83 ವಾರಗಳ ಉಗಾಂಡ ಮುಂದಿದ್ದರೆ, 82 ವಾರಗಳ ಭಾರತ ಅದರ ಬೆನ್ನಿಗೇ ಇತ್ತು.

ಮುಂದೊಂದು ದಿನ ಇನ್ನೊಂದು ಸಾಂಕ್ರಾಮಿಕ ಬಂದರೆ ಶಾಲೆಗಳನ್ನು ಹೇಗೆ, ಯಾವ ಕ್ರಮದಲ್ಲಿ, ಯಾರ ತೀರ್ಮಾನದಂತೆ ತೆರೆಯಬೇಕು? ಈ ಪ್ರಶ್ನೆಗೆ ಉತ್ತರಿಸಲು ಬೇಕಾದ ಅನುಭವ ರಾಜ್ಯದ ಬಳಿಯೇ ಇದೆ. ಕೆಲವು ಪಾಠಗಳು ಹೊರದೇಶಗಳಿಂದಲೂ ದೊರೆತಿವೆ.

ಒಗ್ಗರಣೆಯ ಘಾಟು

ಸೋಂಕು ಹರಡುವ ಬಗೆಯನ್ನು ಅರಿಯದೆ ಸುರಕ್ಷತೆಯ ಮಾತು ಆಡುವುದು ವ್ಯರ್ಥ. ಕೋವಿಡ್‌ನ ಆರಂಭದ ತಿಂಗಳುಗಳಲ್ಲಿ ವೈರಾಣು ಮುಖ್ಯವಾಗಿ ಕೆಮ್ಮು–ಸೀನಿನ ದೊಡ್ಡ ಹನಿಗಳಿಂದ ಹಾಗೂ ಮುಟ್ಟಿದ ವಸ್ತುಗಳಿಂದ ಹರಡುತ್ತದೆ ಎಂಬ ನಂಬಿಕೆ ಪ್ರಬಲವಾಗಿತ್ತು. ಮೇಜು ಒರೆಸುವುದು, ಬಾಗಿಲ ಹಿಡಿಗೆ ರಾಸಾಯನಿಕ ಸಿಂಪಡಿಸುವುದು, ಗೇಟಿನಲ್ಲಿ ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿಯುವುದು ಎಲ್ಲವೂ ಅಲ್ಲಿಂದ ಬಂದವು. ಕಾಲಕ್ರಮದಲ್ಲಿ ತಿಳಿದುಬಂದದ್ದು ಬೇರೆ. ಮಾತನಾಡುವಾಗ, ಹಾಡುವಾಗ, ಬರಿದೆ ಉಸಿರಾಡುವಾಗಲೂ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆ, ಮುಚ್ಚಿದ ಕೋಣೆಯಲ್ಲಿ ಅವು ಶೇಖರಗೊಳ್ಳುತ್ತ ಹೋಗುತ್ತವೆ.

ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಾಗ ಏಳುವ ಘಾಟನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಲೆಯ ಬಳಿ ನಿಂತವರು ಮೊದಲು ಕೆಮ್ಮುತ್ತಾರೆ. ಕಿಟಕಿ ಮುಚ್ಚಿದ್ದರೆ ಸ್ವಲ್ಪ ಹೊತ್ತಿನಲ್ಲಿ ನಡುಮನೆಯಲ್ಲಿ ಕುಳಿತವರೂ ಕೆಮ್ಮುತ್ತಾರೆ. ಫ್ಯಾನು ಹಾಕಿದರೆ ಘಾಟು ಮನೆಯೆಲ್ಲ ಸುತ್ತುತ್ತದೆಯೇ ಹೊರತು ಹೊರಹೋಗುವುದಿಲ್ಲ. ಹಿತ್ತಿಲ ಬಾಗಿಲನ್ನೂ ಮುಂದಿನ ಕಿಟಕಿಯನ್ನೂ ಒಟ್ಟಿಗೆ ತೆರೆದರೆ ಕೆಲವೇ ನಿಮಿಷಗಳಲ್ಲಿ ಗಾಳಿ ತಿಳಿಯಾಗುತ್ತದೆ. ತರಗತಿಯ ಗಾಳಿಯೂ ಇದೇ ನಿಯಮಕ್ಕೆ ಒಳಪಟ್ಟಿದೆ.

ಇದಕ್ಕೆ ಇಸ್ರೇಲಿನ ಉದಾಹರಣೆ ಹೆಸರಾಗಿದೆ. ಆ ದೇಶ 2020ರ ಮೇ ಮಧ್ಯದಲ್ಲಿ ಎಲ್ಲ ತರಗತಿಗಳನ್ನೂ ಒಮ್ಮೆಗೇ ತೆರೆಯಿತು. ಅದೇ ವಾರ ಅಲ್ಲಿ ತೀವ್ರ ಬಿಸಿಗಾಳಿ ಬೀಸಿದ್ದರಿಂದ ಮಕ್ಕಳಿಗೆ ಮಾಸ್ಕ್‌ನಿಂದ ವಿನಾಯಿತಿ ನೀಡಲಾಯಿತು. ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ 35ಕ್ಕೂ ಹೆಚ್ಚು ಮಕ್ಕಳಿದ್ದ ಕೋಣೆಗಳಲ್ಲಿ ಹವಾನಿಯಂತ್ರಕಗಳು ನಿರಂತರವಾಗಿ ಓಡುತ್ತಿದ್ದವು. ತಿಂಗಳ ಕೊನೆಗೆ ಎರಡು ಪ್ರಕರಣಗಳು ಪತ್ತೆಯಾಗಿ ಎಲ್ಲರ ಪರೀಕ್ಷೆ ನಡೆಸಿದಾಗ 153 ವಿದ್ಯಾರ್ಥಿಗಳಿಗೆ ಹಾಗೂ 25 ಸಿಬ್ಬಂದಿಗೆ ಸೋಂಕು ತಗಲಿರುವುದು ಕಂಡುಬಂತು. ಕಿಕ್ಕಿರಿದ ಕೋಣೆ, ಹೊರಗಿನ ಗಾಳಿ ಬಾರದ ಏರ್ಪಾಡು, ಮಾಸ್ಕ್ ಇಲ್ಲದ ಮುಖ ಮೂರೂ ಒಂದೆಡೆ ಕೂಡಿದ್ದವು.

ಇನ್ನೊಂದು ಪ್ರಕರಣ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯದು. ಅಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ 2021ರ ಮೇ ತಿಂಗಳಲ್ಲಿ, ಲಸಿಕೆ ಪಡೆಯದ ಶಿಕ್ಷಕರೊಬ್ಬರು ಮೂಗು ಕಟ್ಟಿಕೊಂಡಿದ್ದರೂ ಎರಡು ದಿನ ಪಾಠ ಮಾಡಿದರು. ಪುಸ್ತಕ ಓದಿಹೇಳುವಾಗ ಮಾಸ್ಕ್ ತೆಗೆಯುತ್ತಿದ್ದರು. ತರಗತಿಯ 24 ಮಕ್ಕಳಲ್ಲಿ 12 ಮಂದಿಗೆ ಸೋಂಕು ತಗುಲಿತು. ಮುಂದಿನ ಎರಡು ಸಾಲುಗಳ 10 ಮಕ್ಕಳಲ್ಲಿ 8 ಮಂದಿ, ಹಿಂದಿನ ಮೂರು ಸಾಲುಗಳ 14 ಮಕ್ಕಳಲ್ಲಿ 4 ಮಂದಿ. ಗಮನಿಸಬೇಕಾದ ಸಂಗತಿಯೆಂದರೆ ಆ ಕೋಣೆಯ ಕಿಟಕಿ–ಬಾಗಿಲುಗಳು ತೆರೆದಿದ್ದವು, ಗಾಳಿ ಶುದ್ಧೀಕರಿಸುವ ಯಂತ್ರವೂ ಇತ್ತು. ತೆರೆದ ಕಿಟಕಿ ಅಪಾಯವನ್ನು ತಗ್ಗಿಸಬಲ್ಲುದು. ಕಾಯಿಲೆಯಲ್ಲಿದ್ದೂ ತರಗತಿಗೆ ಬಂದು ಮಾಸ್ಕ್ ತೆಗೆಯುವ ಹಿರಿಯರೊಬ್ಬರ ತಪ್ಪನ್ನು ಅದು ಪೂರ್ತಿ ಅಳಿಸಲಾರದು.

ಗಾಳಿಯ ಮಹತ್ವಕ್ಕೆ ಅಂಕಿಗಳ ಆಧಾರವೂ ಇದೆ. ಅಮೆರಿಕದ ಜಾರ್ಜಿಯ ರಾಜ್ಯದ 169 ಪ್ರಾಥಮಿಕ ಶಾಲೆಗಳನ್ನು 2020ರ ಕೊನೆಯಲ್ಲಿ ಹೋಲಿಸಿ ನೋಡಿದಾಗ, ಶಿಕ್ಷಕರು ಹಾಗೂ ಸಿಬ್ಬಂದಿಗೆ ಮಾಸ್ಕ್ ಕಡ್ಡಾಯಗೊಳಿಸಿದ್ದ ಶಾಲೆಗಳಲ್ಲಿ ಸೋಂಕಿನ ಪ್ರಮಾಣ ಶೇ 37ರಷ್ಟು, ಗಾಳಿಯಾಡುವಿಕೆ ಸುಧಾರಿಸಿದ್ದ ಶಾಲೆಗಳಲ್ಲಿ ಶೇ 39ರಷ್ಟು ಕಡಿಮೆಯಿತ್ತು. ಮುಟ್ಟಿದ ವಸ್ತುಗಳ ಮೂಲಕ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ 10 ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ತಿಳಿಸಿತು. ಅದೇ ಕೇಂದ್ರ 2023ರ ಮೇ ತಿಂಗಳಲ್ಲಿ, ಕೋಣೆಯ ಗಾಳಿ ಗಂಟೆಗೆ ಕನಿಷ್ಠ ಐದು ಬಾರಿ ಬದಲಾಗುವಂತಿರಬೇಕು ಎಂಬ ಗುರಿ ನಿಗದಿಪಡಿಸಿತು.

ಹಂಚಿನ ಮಾಡಿನ ಭಾಗ್ಯ

ಇಲ್ಲಿಯೇ ಕರ್ನಾಟಕದ ಸರ್ಕಾರಿ ಶಾಲೆಗಳ ಹಳೆಯ ಕಟ್ಟಡಗಳಿಗೆ ಸಲ್ಲಬೇಕಾದ ಮನ್ನಣೆಯೊಂದಿದೆ. ಮಂಗಳೂರು ಹಂಚಿನ ಎತ್ತರದ ಮಾಡು, ಗೋಡೆಯ ಎರಡೂ ಬದಿಗೆ ಕಿಟಕಿ, ಮುಂದೆ ಉದ್ದನೆಯ ಜಗಲಿ ಇರುವ ಕೋಣೆಗೆ ಯಾವ ಯಂತ್ರವೂ ಬೇಕಿಲ್ಲ. ಬಿಸಿಯಾದ ಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೊರಹೋಗುತ್ತದೆ, ಕಿಟಕಿಯಿಂದ ಹೊಸ ಗಾಳಿ ಒಳಬರುತ್ತದೆ. ಸೋರುವ ಮಾಡೆಂದು ನಿತ್ಯ ಬೈಸಿಕೊಳ್ಳುವ ಈ ಕೋಣೆಗಳು ಸಾಂಕ್ರಾಮಿಕದ ದೃಷ್ಟಿಯಿಂದ ನಗರದ ಹವಾನಿಯಂತ್ರಿತ ಶಾಲೆಗಳಿಗಿಂತ ಎಷ್ಟೋ ಮೇಲು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಬಳಿಕ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಗಾಳಿ–ಬೆಳಕುಗಳೊಂದಿಗೆ ರೂಪುಗೊಂಡದ್ದನ್ನು ನೆನೆದರೆ, ಗಾಳಿಗೂ ರೋಗಕ್ಕೂ ಇರುವ ನಂಟಿನ ಅರಿವು ಈ ನಾಡಿಗೆ ಹೊಸತಲ್ಲ.

ಸಮಸ್ಯೆ ಇರುವುದು ತಗ್ಗು ಛಾವಣಿಯ, ಒಂದೇ ಬದಿಗೆ ಕಿಟಕಿಯಿರುವ ಕಾಂಕ್ರೀಟ್ ಕೋಣೆಗಳಲ್ಲಿ. ಕಿಟಕಿ ಇದ್ದರೂ ಅದಕ್ಕೆ ಅಡ್ಡಲಾಗಿ ಕಬ್ಬಿಣದ ಬೀರು ನಿಲ್ಲಿಸಿದ ಅಥವಾ ಅಕ್ಕಿ ಮೂಟೆ ಒಟ್ಟಿದ ಶಾಲೆಗಳಿಗೆ ಕೊರತೆಯಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಆಷಾಢದ ಎರಚಲಿಗೆ ಕಿಟಕಿ ಮುಚ್ಚದೆ ಬೇರೆ ದಾರಿಯಿಲ್ಲ, ಪೇಟೆಯಲ್ಲಿ ರಸ್ತೆಯ ಗದ್ದಲಕ್ಕೆ ಮುಚ್ಚುತ್ತಾರೆ. ಕಿಟಕಿಯ ಮೇಲೊಂದು ಸಜ್ಜ, ಎದುರು ಗೋಡೆಯ ಮೇಲ್ಭಾಗದಲ್ಲೊಂದು ಗವಾಕ್ಷಿ, ಗಾಳಿಯನ್ನು ಹೊರಗೆಳೆಯುವ ಒಂದು ಎಕ್ಸಾಸ್ಟ್ ಫ್ಯಾನು, ಇಷ್ಟು ಸಾಕು. ಕೋಣೆಯ ಗಾಳಿ ಎಷ್ಟು ಹಳಸಿದೆ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡ್ ಅಳೆಯುವ ಅಂಗೈಯಗಲದ ಮಾಪಕಗಳೂ ಬಂದಿವೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕೋಣೆಯಲ್ಲಿ ಅದು 800 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಹೆಚ್ಚಾಗಿಯೇ ಸೇವಿಸುತ್ತಿದ್ದಾರೆ ಎಂದರ್ಥ. ಪ್ರತಿ ಶಾಲೆಗೂ ಒಂದು ಬೇಕೆಂದಿಲ್ಲ, ಕ್ಲಸ್ಟರಿಗೆ ಒಂದಿದ್ದು ಕೋಣೆಯಿಂದ ಕೋಣೆಗೆ ಹಿಡಿದು ನೋಡಿದರೂ ಆದೀತು.

ವಿಷಾದದ ಸಂಗತಿಯೆಂದರೆ 2020–21ರಲ್ಲಿ ಶಾಲೆಗಳ ಶ್ರಮ, ಹಣ ಬಹುಪಾಲು ಹೋದದ್ದು ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಣೆಗೆ, ಸ್ಯಾನಿಟೈಸರ್ ಡಬ್ಬಿಗಳಿಗೆ ಹಾಗೂ ಥರ್ಮಲ್ ಸ್ಕ್ಯಾನರುಗಳಿಗೆ. ಜ್ವರವಿಲ್ಲದ ಸೋಂಕಿತನನ್ನು ಸ್ಕ್ಯಾನರ್ ಹಿಡಿಯಲಾರದು, ಮಕ್ಕಳಲ್ಲಂತೂ ಲಕ್ಷಣರಹಿತ ಸೋಂಕೇ ಹೆಚ್ಚು. ಅದು ಪೋಷಕರಿಗೆ ಧೈರ್ಯ ತುಂಬಿತು ಎಂಬುದನ್ನು ಒಪ್ಪಬಹುದು, ರೋಗ ತಡೆಯಿತೆಂದು ಹೇಳಲಾಗದು. ಕೈತೊಳೆಯುವ ಅಭ್ಯಾಸ ಮಾತ್ರ ಯಾವ ಕಾಲಕ್ಕೂ ಬೇಕಾದದ್ದು. ಭೇದಿ, ಕಾಮಾಲೆಗಳ ತಡೆಗಾಗಿಯಾದರೂ ಅದು ಉಳಿಯಬೇಕು.

ಮೊದಲು ಯಾರು?

ರಾಜ್ಯ ಅನುಸರಿಸಿದ ಕ್ರಮವನ್ನು ನೋಡಬೇಕು. 2020ರ ಜೂನ್ 25ರಿಂದ ಜುಲೈ 4ರವರೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ನೆರೆಯ ತೆಲಂಗಾಣ, ತಮಿಳುನಾಡುಗಳು ಪರೀಕ್ಷೆಯನ್ನೇ ರದ್ದುಪಡಿಸಿದ್ದ ವೇಳೆ, ಅಂದಿನ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ತೀವ್ರ ಟೀಕೆಗಳ ನಡುವೆಯೂ ಸುಮಾರು 8.48 ಲಕ್ಷ ವಿದ್ಯಾರ್ಥಿಗಳು ನೋಂದಾಯಿಸಿದ್ದ ಆ ಪರೀಕ್ಷೆಯನ್ನು ನಡೆಸಿದರು. ಕೋಣೆಗೆ ಮಕ್ಕಳ ಸಂಖ್ಯೆ ಇಳಿಸಿ, ಬೆಂಚುಗಳ ಅಂತರ ಹೆಚ್ಚಿಸಿ, ಮಾಸ್ಕ್ ತೊಡಿಸಿ ಬರೆಸಲಾಯಿತು. ಭಯಪಟ್ಟಂತಹ ಅನಾಹುತ ಘಟಿಸಲಿಲ್ಲ. 2021ರ ಜನವರಿ 1ರಂದು ಹತ್ತನೇ ತರಗತಿ ಹಾಗೂ ದ್ವಿತೀಯ ಪಿಯು ಮಕ್ಕಳಿಗೆ ತರಗತಿಗಳು ಆರಂಭವಾದವು, ಬಳಿಕ ಉಳಿದ ಮೇಲಿನ ತರಗತಿಗಳು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಎಲ್ಲವೂ ನಿಂತವು. ಮತ್ತೆ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಅಕ್ಟೋಬರ್ 25ರಂದು ಒಂದರಿಂದ ಐದು, ಕೊನೆಗೆ ನವೆಂಬರ್ 8ರಂದು ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ. ಅಂದರೆ ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ.

ಈ ಕ್ರಮದ ಹಿಂದಿದ್ದ ತರ್ಕ ಪರೀಕ್ಷೆಯದು. ಬೋರ್ಡ್ ಪರೀಕ್ಷೆ ಎದುರಿಸುವ ಮಕ್ಕಳಿಗೆ ಆದ್ಯತೆ. ಜತೆಗೆ, ಹದಿಹರೆಯದವರಿಗೆ ಮಾಸ್ಕ್ ಧರಿಸು, ದೂರ ಕೂರು ಎಂದು ಹೇಳಿ ಕೇಳಿಸಬಹುದು. ಆದರೆ ರೋಗದ ತರ್ಕ ತದ್ವಿರುದ್ಧವಾಗಿತ್ತು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ಯುರೋಪಿನಲ್ಲೇ ಮೊದಲು ಶಾಲೆ ತೆರೆದಾಗ ಒಳಕರೆದದ್ದು ಪುಟ್ಟ ಮಕ್ಕಳನ್ನು. ಹತ್ತು–ಹನ್ನೆರಡು ಮಕ್ಕಳ ಗುಂಪುಗಳನ್ನು ಮಾಡಿ, ಆದಷ್ಟು ಪಾಠಗಳನ್ನು ಬಯಲಿಗೆ ಒಯ್ದರು. ಸ್ವೀಡನ್ನಿನಲ್ಲಿ ಚಿಕ್ಕ ಮಕ್ಕಳ ಶಾಲೆಗಳು ಮುಚ್ಚಲೇ ಇಲ್ಲ. 2020ರ ಮಾರ್ಚ್‌ನಿಂದ ಜೂನ್‌ವರೆಗೆ, 16 ವರ್ಷದೊಳಗಿನ ಸುಮಾರು 19.5 ಲಕ್ಷ ಮಕ್ಕಳಲ್ಲಿ ತೀವ್ರ ನಿಗಾ ಘಟಕಕ್ಕೆ ದಾಖಲಾದವರು 15 ಮಂದಿ, ಯಾರೂ ಸಾಯಲಿಲ್ಲ. ಇದೇ ಅವಧಿಯಲ್ಲಿ ಅಲ್ಲಿ ತೀವ್ರ ನಿಗಾ ಘಟಕ ಸೇರಿದ ಶಾಲಾ ಶಿಕ್ಷಕರು 20 ಮಂದಿ.

ಸ್ವೀಡನ್ನಿನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದು ಹಚ್ಚಲಾಗದು ಎಂಬ ವಾದವೂ ತೂಕದ್ದೇ. ಇಲ್ಲಿ ಶಾಲೆಯಿಂದ ಮರಳುವ ಮಗು ನೇರವಾಗಿ ಹೋಗಿ ಕೂರುವುದು ಅಜ್ಜಿಯ ಮಡಿಲಲ್ಲಿ. ಪೋಷಕರ ಹೆದರಿಕೆ ಮಗುವಿನ ಬಗ್ಗೆ ಎಷ್ಟಿತ್ತೋ ಮನೆಯ ಹಿರಿಯರ ಬಗ್ಗೆಯೂ ಅಷ್ಟೇ ಇತ್ತು. ಲಸಿಕೆ ಇಲ್ಲದ 2020ರಲ್ಲಿ ಆ ಹೆದರಿಕೆಗೆ ಉತ್ತರವಿರಲಿಲ್ಲ. 2021ರ ಮಧ್ಯಭಾಗದ ಹೊತ್ತಿಗೆ ಉತ್ತರ ದೊರೆತಿತ್ತು. ಹಿರಿಯರಿಗೆ ಲಸಿಕೆ ಸಿಗತೊಡಗಿತ್ತು. ಆ ವರ್ಷದ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2, 10ರಿಂದ 17 ವರ್ಷದವರಲ್ಲಿ ಶೇ 61.6ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಶಾಲೆ ಮುಚ್ಚಿದ್ದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮನೆ, ಬೀದಿಗಳಲ್ಲೇ ಸೋಂಕು ತಗಲಿ ಹೋಗಿತ್ತು! ಮಂಡಳಿಯ ಅಂದಿನ ಮಹಾನಿರ್ದೇಶಕ ಡಾ. ಬಲರಾಂ ಭಾರ್ಗವ ಅವರು, ಶಾಲೆ ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದ ಆರಂಭಿಸುವುದು ಸೂಕ್ತ, ಆದರೆ ಶಿಕ್ಷಕರಿಂದ ಬಸ್ ಚಾಲಕರವರೆಗೆ ಎಲ್ಲ ಸಿಬ್ಬಂದಿಗೂ ಲಸಿಕೆ ಆಗಿರಬೇಕು ಎಂದು ಜುಲೈ 20ರಂದು ಹೇಳಿದರು. ಅದಕ್ಕೂ ಮೊದಲೇ, ಜೂನ್ 22ರಂದು, ಡಾ. ದೇವಿ ಶೆಟ್ಟಿ ಅಧ್ಯಕ್ಷತೆಯ ರಾಜ್ಯದ ತಜ್ಞರ ಸಮಿತಿ ಮುನ್ನೆಚ್ಚರಿಕೆಯೊಂದಿಗೆ ಹಂತಹಂತವಾಗಿ ಶಾಲೆ ತೆರೆಯಬಹುದೆಂಬ ಮಧ್ಯಂತರ ವರದಿ ನೀಡಿತ್ತು. ಆದರೂ ಚಿಕ್ಕ ಮಕ್ಕಳು ಇನ್ನೂ ನಾಲ್ಕು ತಿಂಗಳು ಕಾಯಬೇಕಾಯಿತು. ಅಷ್ಟರಲ್ಲಿ ಬಾರು, ಹೋಟೆಲುಗಳು ತೆರೆದಿದ್ದವು ಎಂಬುದನ್ನು ಆಗ ಅನೇಕ ಪೋಷಕರು ಎತ್ತಿ ಆಡಿದ್ದರಲ್ಲಿ ತಪ್ಪಿರಲಿಲ್ಲ.

ಮೊಬೈಲಿನಲ್ಲಿ ಪಾಠ ಕೇಳುವುದು ದೊಡ್ಡ ಮಕ್ಕಳಿಗೆ ಕಷ್ಟಪಟ್ಟಾದರೂ ಸಾಧ್ಯ, ಅಕ್ಷರ ತಿದ್ದುವ ಮಗುವಿಗೆ ಸಾಧ್ಯವಿಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ‘ನಲಿ–ಕಲಿ’ ಪದ್ಧತಿಯ ಜೀವವೇ ಒಟ್ಟಿಗೆ ಕೂರುವುದು. ಮಕ್ಕಳು ನೆಲದ ಮೇಲೆ ‘ತಟ್ಟೆ’ಗಳೆಂದು ಕರೆಯುವ ಗುಂಪುಗಳಲ್ಲಿ ವೃತ್ತಾಕಾರವಾಗಿ ಕುಳಿತು, ಒಂದೇ ಕಾರ್ಡನ್ನು ಕೈಯಿಂದ ಕೈಗೆ ದಾಟಿಸುತ್ತ, ಮುಂದಿರುವ ಮಗುವನ್ನು ನೋಡಿ ಹಿಂದಿರುವ ಮಗು ಕಲಿಯುತ್ತದೆ. ಕಲಿಕಾ ಚಪ್ಪರಕ್ಕೆ ತಾನು ಬರೆದ ಚಿತ್ರ ನೇತುಹಾಕುವ ಸಂಭ್ರಮವನ್ನು ಚಂದನ ವಾಹಿನಿ ಕೊಡಲಾರದು. ಇಂಥ ತರಗತಿಯಲ್ಲಿ ಆರು ಅಡಿ ಅಂತರ ಎಂಬ ನಿಯಮ ಕಾಗದದ ಮೇಲಷ್ಟೇ ಉಳಿಯುತ್ತದೆ. ಮರದಡಿ, ಜಗಲಿಯಲ್ಲಿ, ಅದೇ ಹತ್ತು ಹನ್ನೆರಡು ಮಕ್ಕಳು ದಿನವೂ ಅದೇ ಶಿಕ್ಷಕಿಯೊಂದಿಗೆ ಕೂರುವುದು ಅದಕ್ಕಿಂತ ಕಾರ್ಯಸಾಧ್ಯ. ಒಂದು ಗುಂಪಿಗೆ ಸೋಂಕು ಬಂದರೂ ಉಳಿದವಕ್ಕೆ ದಾಟುವ ಸಂಭವ ಕಡಿಮೆ.

ವಿದ್ಯಾಗಮ: ಬಯಲ ಪಾಠದ ಏಳುಬೀಳು

ಈ ಯೋಚನೆ ರಾಜ್ಯದ ಶಿಕ್ಷಣ ಇಲಾಖೆಗೆ ಹೊಳೆಯದೆ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರೇ ಮಕ್ಕಳ ಓಣಿ, ಕೇರಿಗಳಿಗೆ ತೆರಳಿ ಗುಡಿಯ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಅದೊಂದೇ ಆಸರೆಯಾಗಿತ್ತು. ಆದರೆ ಸೋಂಕು ಏರುಗತಿಯಲ್ಲಿದ್ದ ದಿನಗಳಲ್ಲಿ ಓಣಿಯಿಂದ ಓಣಿಗೆ ಅಲೆಯುತ್ತಿದ್ದ ಶಿಕ್ಷಕರು ತಾವೇ ಸೋಂಕಿಗೆ ಗುರಿಯಾದರು. ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಪ್ರಕಟಗೊಂಡು, ಅಕ್ಟೋಬರ್ ಎರಡನೇ ವಾರದಲ್ಲಿ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. 2021ರ ಜನವರಿಯಲ್ಲಿ ಅದು ಪರಿಷ್ಕೃತ ರೂಪದಲ್ಲಿ, ಶಾಲೆಯ ಆವರಣದೊಳಗೇ ಮರಳಿ ಬಂತು.

ವಿದ್ಯಾಗಮದ ಕಲ್ಪನೆ ಸರಿಯಿತ್ತು, ಏರ್ಪಾಡಿನಲ್ಲಿ ಶಿಕ್ಷಕರ ರಕ್ಷಣೆಗೆ ಸ್ಥಾನವಿರಲಿಲ್ಲ. ಒಬ್ಬರೇ ಶಿಕ್ಷಕರು ದಿನವೊಂದಕ್ಕೆ ಹಲವು ಗುಂಪುಗಳನ್ನು ಭೇಟಿಯಾಗುವುದೆಂದರೆ ಗುಂಪು ಬೇರ್ಪಡಿಸಿದ ಉದ್ದೇಶವೇ ಸೋತಂತೆ.

ಶಿಕ್ಷಕರ ವಿಷಯದಲ್ಲಿ ಇನ್ನೂ ಕಹಿಯಾದ ಪ್ರಸಂಗ 2021ರ ಏಪ್ರಿಲ್‌ನದು. ಎರಡನೇ ಅಲೆ ಏರುತ್ತಿದ್ದಾಗಲೇ, ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಮತಗಟ್ಟೆ ಕರ್ತವ್ಯಕ್ಕೆ ನಿಯೋಜನೆಗೊಂಡಿದ್ದ ಶಿಕ್ಷಕರ ಪೈಕಿ ಅನೇಕರು ಸೋಂಕಿತರಾದರು, ಹಲವರು ಮೃತಪಟ್ಟರು. ಮಕ್ಕಳ ಸುರಕ್ಷತೆಗೆಂದು ಶಾಲೆ ಮುಚ್ಚಿ, ಪಾಠ ಮಾಡುವವರನ್ನು ಮತಗಟ್ಟೆಯ ಜನಜಂಗುಳಿಗೆ ಕಳುಹಿಸಿದ ವಿಪರ್ಯಾಸಕ್ಕೆ ಸಮರ್ಥನೆ ಕಷ್ಟ. ಶಾಲೆಯಲ್ಲಿ ಅತಿ ಹೆಚ್ಚು ಅಪಾಯ ಎದುರಿಸುವವರು ಮಕ್ಕಳಲ್ಲ, ನಲವತ್ತು ಐವತ್ತು ದಾಟಿದ, ಮಧುಮೇಹ, ರಕ್ತದೊತ್ತಡಗಳಿರುವ ಶಿಕ್ಷಕರು, ಅಡುಗೆಯವರು, ಆಯಾಗಳು. ಅವರಿಗೆ ಲಸಿಕೆಯಲ್ಲಿ ಆದ್ಯತೆ ಸಿಗಬೇಕೆಂಬ ಕೂಗಿಗೆ ಕೇಂದ್ರ ಸರ್ಕಾರ ಸ್ಪಂದಿಸಿದ್ದು ಆಗಸ್ಟ್ ಕೊನೆಯಲ್ಲಿ, ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯೊಳಗೆ ಎಲ್ಲ ಶಿಕ್ಷಕರಿಗೂ ಲಸಿಕೆ ನೀಡಲು ರಾಜ್ಯಗಳಿಗೆ 2 ಕೋಟಿಗೂ ಅಧಿಕ ಹೆಚ್ಚುವರಿ ಡೋಸ್‌ಗಳನ್ನು ಒದಗಿಸುವ ಮೂಲಕ.

ಒಂದು ಕೋಣೆ ಮುಚ್ಚಬೇಕೆ, ಒಂದು ರಾಜ್ಯವೇ?

ತೆರೆಯುವುದು ಎಷ್ಟು ಮುಖ್ಯವೋ, ಸೋಂಕು ಕಂಡಾಗ ಎಷ್ಟನ್ನು ಮುಚ್ಚಬೇಕು ಎಂಬುದೂ ಅಷ್ಟೇ ಮುಖ್ಯ. 2020ರಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಆದೇಶ. ಬೆಂಗಳೂರಿನಲ್ಲಿ ಸಾವಿರಗಟ್ಟಲೆ ಪ್ರಕರಣಗಳಿದ್ದರೆ, ಒಂದೂ ಪ್ರಕರಣವಿಲ್ಲದ ಹಳ್ಳಿಯ ಹದಿನೈದು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೂ ಬೀಗವೇ. ನಿಯಮ ನಿಧಾನವಾಗಿ ಬದಲಾಯಿತು. 2021ರ ಆಗಸ್ಟ್‌ನಲ್ಲಿ, ಪರೀಕ್ಷೆಗೊಳಗಾದವರ ಪೈಕಿ ಸೋಂಕಿತರ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿರುವ ಜಿಲ್ಲೆಗಳಲ್ಲಿ ಮಾತ್ರ ಶಾಲೆ ತೆರೆಯಲು ತೀರ್ಮಾನಿಸಲಾಯಿತು, ಹಾಗಾಗಿ ಕರಾವಳಿ, ಮಲೆನಾಡಿನ ಕೆಲವು ಜಿಲ್ಲೆಗಳು ಕಾಯಬೇಕಾಯಿತು. 2022ರ ಜನವರಿಯಲ್ಲಿ ಒಮೈಕ್ರಾನ್ ಅಲೆ ಬಂದಾಗ ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತನೇ ತರಗತಿಗಳನ್ನು 6ನೇ ತಾರೀಖಿನಿಂದ ಸ್ಥಗಿತಗೊಳಿಸಿದರೂ ಇಡೀ ರಾಜ್ಯವನ್ನು ಮುಚ್ಚಲಿಲ್ಲ. ಇತರೆಡೆ ಪರಿಸ್ಥಿತಿ ನೋಡಿ ತೀರ್ಮಾನಿಸುವ ಹೊಣೆ ಜಿಲ್ಲಾಧಿಕಾರಿಗಳಿಗೆ ಬಂತು. ಜನವರಿ 31ರಂದು ರಾಜಧಾನಿಯ ಶಾಲೆಗಳು ಮರಳಿ ತೆರೆದವು. ಸೋಂಕು ಕಂಡ ತರಗತಿಯನ್ನಷ್ಟೇ ಕೆಲವು ದಿನ ಮುಚ್ಚುವ ಪದ್ಧತಿಯೂ ರೂಢಿಗೆ ಬಂತು.

ವಸತಿ ಶಾಲೆಗಳ ಲೆಕ್ಕ ಮಾತ್ರ ಬೇರೆ. 2021ರ ಅಕ್ಟೋಬರ್‌ನಲ್ಲಿ ಕೊಡಗಿನ, ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ನವೋದಯ ವಿದ್ಯಾಲಯಗಳಲ್ಲಿ ಹತ್ತಾರು ಮಕ್ಕಳಿಗೆ ಒಟ್ಟಿಗೆ ಸೋಂಕು ಕಾಣಿಸಿಕೊಂಡಿತು. ಎರಡನೆಯದರಲ್ಲಿ ಸೋಂಕಿತರ ಸಂಖ್ಯೆ ನೂರು ದಾಟಿತು. ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಮಲಗುವ, ಒಂದೇ ಊಟದ ಮನೆಯಲ್ಲಿ ಮಾಸ್ಕ್ ತೆಗೆದು ಉಣ್ಣುವ ಕಡೆ ಹಗಲಿನ ತರಗತಿಯ ನಿಯಮಗಳು ಸಾಲವು. ಊಟದ ಸರದಿ, ಮಲಗುವ ಕೋಣೆಯ ಕಿಟಕಿ, ಸೋಂಕಿತರಿಗೆ ಪ್ರತ್ಯೇಕ ಕೋಣೆ, ಮನೆಗೆ ಹೋಗಿ ಬಂದ ಮಕ್ಕಳ ಮೇಲೆ ನಿಗಾ ಇವೆಲ್ಲ ಮೊದಲೇ ಯೋಜಿತವಾಗಿರಬೇಕು.

ಬಿಸಿಯೂಟವೂ ಅಕ್ಷರವೂ

ಶಾಲೆ ಮುಚ್ಚಿದ್ದರಿಂದ ಉಳಿದದ್ದೇನು, ಕಳೆದದ್ದೇನು ಎಂಬ ಲೆಕ್ಕ ತೆಗೆದರೆ ಕಳೆದದ್ದರ ಪಟ್ಟಿ ದೊಡ್ಡದು. ಅಕ್ಷರ ದಾಸೋಹದ ಅಡುಗೆಮನೆಗಳ ಒಲೆ ಆರಿತು. ಅಕ್ಕಿ–ಬೇಳೆಯನ್ನು ಮನೆಗೇ ಕೊಟ್ಟರೂ, ಅದು ಮನೆಮಂದಿಯ ಪಾಲಾಯಿತೇ ವಿನಾ ಮಗುವಿನ ತಟ್ಟೆಗೆ ಮಧ್ಯಾಹ್ನದ ಬಿಸಿ ಅನ್ನವಾಗಿ ಬಂತೆಂಬ ಖಾತರಿಯಿರಲಿಲ್ಲ. ಬಿಸಿಯೂಟ ಮರಳಿದ್ದು 2021ರ ಅಕ್ಟೋಬರ್‌ನಲ್ಲಿ.

ಕಲಿಕೆಯ ನಷ್ಟವನ್ನು ಅಳೆದವರಿದ್ದಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿತು. ಹಿಂದಿನ ವರ್ಷ ಗಳಿಸಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಸರಾಸರಿ ಶೇ 92 ಮಕ್ಕಳು, ಗಣಿತದ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 82 ಮಕ್ಕಳು ಕಳೆದುಕೊಂಡಿದ್ದರು. ಅಂದರೆ ಹೊಸ ಪಾಠ ನಿಂತದ್ದಷ್ಟೇ ಅಲ್ಲ, ಕಲಿತದ್ದೂ ಅಳಿಸಿಹೋಗಿತ್ತು. ಕರ್ನಾಟಕವೂ ಸೇರಿ 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳನ್ನು 2021ರ ಆಗಸ್ಟ್‌ನಲ್ಲಿ ಸಂದರ್ಶಿಸಿದ ಇನ್ನೊಂದು ಸಮೀಕ್ಷೆಯಲ್ಲಿ, ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ಗ್ರಾಮೀಣ ಭಾಗದಲ್ಲಿ ಶೇ 8 ಮಾತ್ರ. ಓದನ್ನೇ ಬಿಟ್ಟವರು ಶೇ 37. ಸುಳ್ಯ ತಾಲ್ಲೂಕಿನಲ್ಲಿ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕುಳಿತ ಮಗಳಿಗೆ ಸುರಿಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರ ಆ ವರ್ಷ ದೇಶವ್ಯಾಪಿ ಪ್ರಸಾರವಾಯಿತು. ಕೊಡೆ ಹಿಡಿಯುವ ಬಿಡುವಿಲ್ಲದ ತಂದೆತಾಯಿಯರ ಮಕ್ಕಳ ಚಿತ್ರ ಯಾರೂ ತೆಗೆಯಲಿಲ್ಲ.

ರಾಷ್ಟ್ರಮಟ್ಟದ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಠ್ಯ ಓದಬಲ್ಲ ಗ್ರಾಮೀಣ ಮಕ್ಕಳ ಪ್ರಮಾಣ 2018ರಲ್ಲಿ ಶೇ 27.3 ಇದ್ದದ್ದು 2022ರಲ್ಲಿ ಶೇ 20.5ಕ್ಕೆ ಕುಸಿದಿತ್ತು. 2024ರ ಹೊತ್ತಿಗೆ ಅದು ಬಹುಮಟ್ಟಿಗೆ ಹಿಂದಿನ ಮಟ್ಟಕ್ಕೆ ಮರಳಿತು. ಚೇತರಿಕೆ ಸಾಧ್ಯ ಎಂಬುದಕ್ಕೆ ಇದು ನಿದರ್ಶನ. ಆದರೆ 2024ರಲ್ಲಿ ಅಳೆದದ್ದು ಬೇರೆ ಮಕ್ಕಳನ್ನು. 2020ರಲ್ಲಿ ಒಂದನೇ ತರಗತಿಯಲ್ಲಿದ್ದವರು ಅಷ್ಟರಲ್ಲಿ ಐದನೇ ತರಗತಿಗೆ ಬಂದಿದ್ದರು. ಕರ್ನಾಟಕ 2022–23ನೇ ಸಾಲನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಘೋಷಿಸಿ, ಎರಡು ವಾರ ಮುಂಚಿತವಾಗಿ ಮೇ 16ರಂದೇ ಶಾಲೆ ಆರಂಭಿಸಿ, ಹಿಂದಿನ ತರಗತಿಗಳ ಮೂಲ ಸಾಮರ್ಥ್ಯಗಳನ್ನು ಮತ್ತೆ ಕಲಿಸಲು ಮುಂದಾದದ್ದು ಶ್ಲಾಘನೀಯ ಕ್ರಮ. ಎರಡು ವರ್ಷದ ಕೊರತೆ ಒಂದೇ ವರ್ಷದಲ್ಲಿ ತುಂಬಿತೆಂದು ಯಾವ ಶಿಕ್ಷಕರೂ ಹೇಳಲಾರರು. ಆ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವುದು 2030ರಲ್ಲಿ.

ಈಗಲೇ ಆಗಬೇಕಾದದ್ದು

ಹೊಸ ರೋಗ ಕೋವಿಡ್‌ನಂತೆಯೇ ಇರುತ್ತದೆಂಬ ಭರವಸೆಯಿಲ್ಲ. 1918ರ ಇನ್‌ಫ್ಲುಯೆಂಜಾ ಎಳೆಯರನ್ನೂ ತರುಣರನ್ನೂ ಬಲಿ ಪಡೆದಿತ್ತು. ಮಕ್ಕಳನ್ನೇ ಹೆಚ್ಚು ಕಾಡುವ ಸೋಂಕು ಬಂದರೆ ಚಿಕ್ಕವರನ್ನು ಮೊದಲು ಕರೆಯುವ ಕ್ರಮ ಅಪಾಯಕಾರಿಯಾದೀತು. ಆದ್ದರಿಂದ ಯಾರಿಗೆ ಎಷ್ಟು ಅಪಾಯ ಎಂಬುದು ಗೊತ್ತಾಗುವ ಮೊದಲ ಕೆಲವು ವಾರ ಶಾಲೆ ಮುಚ್ಚುವುದು ವಿವೇಕವೇ. ಗೊತ್ತಾದ ಮೇಲೂ ಮುಚ್ಚಿಯೇ ಇಡುವುದು ಬೇರೆ ಮಾತು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಸಾಂಕ್ರಾಮಿಕಕ್ಕೆ ಕಾಯದೆ ಮಾಡಬಹುದಾದ ಕೆಲಸಗಳು ಸಾಕಷ್ಟಿವೆ. ಯಾವ ಕೋಣೆಯಲ್ಲಿ ಎದುರುಬದುರು ಕಿಟಕಿಗಳಿವೆ, ಯಾವ ಕಿಟಕಿ ತುಕ್ಕು ಹಿಡಿದು ತೆರೆಯದಾಗಿದೆ, ಮಳೆಯಿಲ್ಲದ ದಿನ ಎಷ್ಟು ಮಕ್ಕಳು ಮರದಡಿ ಕೂರಬಹುದು ಎಂಬ ಪಟ್ಟಿ ಮುಖ್ಯೋಪಾಧ್ಯಾಯರ ಬಳಿ ಇರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ ತಾಲ್ಲೂಕಿನ ಆರೋಗ್ಯಾಧಿಕಾರಿಯೊಂದಿಗೆ ಸಮಾಲೋಚಿಸಿ ಒಂದು ಶಾಲೆಯನ್ನಷ್ಟೇ ಮುಚ್ಚುವ ಅಥವಾ ತೆರೆಯುವ ಅಧಿಕಾರ ಲಿಖಿತವಾಗಿ ಇರಬೇಕು, ಬೆಂಗಳೂರಿನ ಆದೇಶಕ್ಕೆ ಕಾಯುವಂತಾಗಬಾರದು.

ಪೂರ್ಣ ಹಾಜರಾತಿಗೆ ಬಹುಮಾನ ನೀಡುವ ಪದ್ಧತಿ ಇನ್ನೂ ಅನೇಕ ಶಾಲೆಗಳಲ್ಲಿದೆ. ಜ್ವರದಲ್ಲೂ ಮಗುವನ್ನು ಶಾಲೆಗೆ ಕಳುಹಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಪೋಷಕರೂ ಇದ್ದಾರೆ. ಕೂಲಿ ಬಿಟ್ಟು ಮನೆಯಲ್ಲಿ ಕೂರಲಾರದ ತಾಯಿಗೆ ಬೇರೆ ದಾರಿ ಇರುವುದಿಲ್ಲ. 2025ರ ಸುತ್ತೋಲೆ ಕಾಯಿಲೆಯ ಮಗುವನ್ನು ಮನೆಯಲ್ಲಿರಿಸಿ ಎಂದಿತು. ಅಂಥ ಮಗುವಿನ ಹಾಜರಾತಿಗೆ ಕುಂದು ಬಾರದಂತೆ, ತಪ್ಪಿದ ಪಾಠವನ್ನು ಮರಳಿ ಬಂದ ದಿನ ಹೇಳಿಕೊಡುವಂತೆ ಏರ್ಪಾಡಾದರೆ ಮಾತ್ರ ಪೋಷಕರು ಆ ಮಾತನ್ನು ಪಾಲಿಸಿಯಾರು.